ಒಂದು ಚದರ ಮೀಟರಿಗೆ ಒಂದು ಗಂಟೆ

ಈ ಸಲ ಸರ್ಕ್ಯೂಟು, ಕೋಡಿಂಗು ಎರಡನ್ನೂ ಪಕ್ಕಕ್ಕಿಟ್ಟು ಬಾಡಿಗೆ ರೂಮಿನ ಬಗ್ಗೆ ಓದೋಣ. ಸಿಟಿಯಲ್ಲಿ ಒಂಟಿತನ ಅಂದ ತಕ್ಷಣ ನಮಗೆ ನೆನಪಾಗೋದು ವಯಸ್ಸಾದವರು. ಮಕ್ಕಳು ಬೇರೆ ದೇಶದಲ್ಲಿ, ದೊಡ್ಡ ಮನೆಯಲ್ಲಿ ಅಜ್ಜಿ ಒಬ್ಬರೇ. ಆದರೆ ಪಿಜಿಯ ಒಂದೇ ರೂಮಿನಲ್ಲಿ ಮೂರು ಜನ ಇದ್ದು, ಮೂರೂ ಜನ ಇಯರ್‌ಫೋನ್ ಹಾಕ್ಕೊಂಡು ಮಲಗ್ತೀವಲ್ಲ, ನಾವೂ ಅದೇ ಲೆಕ್ಕಕ್ಕೆ ಸೇರ್ತೀವಿ. ಈ ಎರಡು ಗುಂಪನ್ನು ಒಂದೇ ಸೂರಿನಡಿ ತರೋಕೆ ಯುರೋಪಿನಲ್ಲಿ ಬೇರೆ ಬೇರೆ ರೀತಿ ಪ್ರಯತ್ನಿಸಿದ್ದಾರೆ.

ಜರ್ಮನಿಯ ಹಲವು ಊರುಗಳಲ್ಲಿ ಇರುವ ಪದ್ಧತಿಯ ಹೆಸರು 'ವೋನನ್ ಫ್ಯೂರ್ ಹಿಲ್ಫೆ', ಅಂದರೆ ಸಹಾಯಕ್ಕೆ ಬದಲಾಗಿ ವಾಸ. ಹಿರಿಯರು ಮನೆಯ ಒಂದು ರೂಮನ್ನು ವಿದ್ಯಾರ್ಥಿಗೆ ಕೊಡ್ತಾರೆ, ಬಾಡಿಗೆ ತಗೊಳ್ಳಲ್ಲ. ರೂಮಿನ ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ಸಹಾಯ ಮಾಡಬೇಕು. ರೂಮು 15 ಚದರ ಮೀಟರ್ ಆದರೆ 15 ಗಂಟೆ. ಕರೆಂಟು, ನೀರಿನ ಖರ್ಚು ಬೇರೆ. ಅಂಗಡಿಗೆ ಹೋಗೋದು, ತೋಟದ ಕೆಲಸ, ಕಂಪ್ಯೂಟರ್ ಹೇಳಿಕೊಡೋದು ಎಲ್ಲ ಲೆಕ್ಕಕ್ಕೆ ಬರುತ್ತೆ; ನರ್ಸಿಂಗ್ ಆರೈಕೆ ಮಾತ್ರ ಬರಲ್ಲ. ಫಾರ್ಮುಲಾ ಇಷ್ಟಪಡೋ ನಮ್ಮಂಥವರಿಗೆ ಇದು ಹಬ್ಬ. ಆದರೆ ಗಂಟೆ ಎಣಿಸ್ತಾ ಹೋದರೆ ಅಜ್ಜಿ ಮಾಲೀಕರು, ನಾವು ಕೆಲಸದವರು ಅನ್ನೋ ಹಾಗೆ ಆಗಿಬಿಡಬಹುದು.

ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ವೃದ್ಧಾಶ್ರಮ 2012ರಲ್ಲಿ ಬೇರೆ ದಾರಿ ಹಿಡಿಯಿತು. ಸುಮಾರು 160 ಹಿರಿಯರ ನಡುವೆ ಆರು ವಿದ್ಯಾರ್ಥಿಗಳಿಗೆ ಉಚಿತ ರೂಮು. ತಿಂಗಳಿಗೆ 30 ಗಂಟೆ ಅವರು 'ಒಳ್ಳೆಯ ನೆರೆಯವರಾಗಿ' ಇರಬೇಕು, ಅಷ್ಟೇ. ಜೊತೆಗೆ ಊಟ, ಟಿವಿಯಲ್ಲಿ ಮ್ಯಾಚು, ಇಮೇಲ್ ಪಾಠ. ಸೇವೆ ಅನ್ನೋ ಪದಕ್ಕಿಂತ ನೆರೆಹೊರೆ ಅನ್ನೋ ಪದ ನಮಗೆ ಹೆಚ್ಚು ಹಿಡಿಸಿತು, ಯಾಕೆಂದರೆ ಸೇವೆಯಲ್ಲಿ ಕೊಡೋರು, ತಗೊಳ್ಳೋರು ಬೇರೆ ಬೇರೆ.

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್‌ನಲ್ಲಿ 2019ರ ಕೊನೆಗೆ ಶುರುವಾದ 'ಸೆಲ್ಬೊ' ಇನ್ನೂ ಒಂದು ಹೆಜ್ಜೆ ಮುಂದೆ. ಸ್ವೀಡಿಷ್ ಭಾಷೆಯ 'ಒಡನಾಟ', 'ವಾಸ' ಅನ್ನೋ ಎರಡು ಪದ ಸೇರಿ ಆದ ಹೆಸರದು. ಒಟ್ಟು 51 ಅಪಾರ್ಟ್‌ಮೆಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು 70 ದಾಟಿದವರಿಗೆ, ಉಳಿದವು 18ರಿಂದ 25ರೊಳಗಿನವರಿಗೆ. ಆ ಯುವಕರಲ್ಲಿ ತಂದೆತಾಯಿ ಜೊತೆಗಿಲ್ಲದೆ ಸ್ವೀಡನ್ನಿಗೆ ಬಂದ ನಿರಾಶ್ರಿತರೂ ಇದ್ದಾರೆ. ಎಲ್ಲರೂ ತಮ್ಮ ತಮ್ಮ ಬಾಡಿಗೆ ಕಟ್ಟಿಕೊಂಡೇ ಇರ್ತಾರೆ. ಆದರೆ ವಾರಕ್ಕೆ ಕನಿಷ್ಠ ಎರಡು ಗಂಟೆ ಅಕ್ಕಪಕ್ಕದವರ ಜೊತೆ ಕಳೆಯುತ್ತೇವೆ ಅಂತ ಸಹಿ ಹಾಕಿಯೇ ಮನೆ ಸೇರಬೇಕು. ಸಹಿ ಹಾಕಿ ಸ್ನೇಹ ಮಾಡೋದಾ ಅಂತ ನಮಗೂ ಮೊದಲು ನಗು ಬಂತು. ಯೋಚಿಸಿದರೆ, ಅಪರಿಚಿತರ ಬಾಗಿಲು ತಟ್ಟೋಕೆ ಸಂಕೋಚ ಪಡೋರಿಗೆ ಆ ಸಹಿಯೇ ಒಂದು ನೆಪ. ಎದುರಿನವರೂ ಸಹಿ ಹಾಕಿದ್ದಾರೆ ಅಂತ ಗೊತ್ತಿರುತ್ತಲ್ಲ. ಹಂಚಿಕೊಂಡು ಬಳಸೋ ಅಡುಗೆಮನೆಯೂ ಇದೆ, ಅಲ್ಲಿಗೆ ಹೋಗೋಕೆ ಹಸಿವೇ ಸಾಕು.

ಇದನ್ನ ಬೆಂಗಳೂರಿಗೆ ತಂದರೆ? ವಾರಕ್ಕೆ ಎರಡು ಗಂಟೆ ನಮ್ಮ ಒಂದು ಲ್ಯಾಬಿನಷ್ಟು, ಇಂಟರ್ನಲ್ಸ್ ವಾರದಲ್ಲೂ ಆಗುತ್ತೆ. ಕಷ್ಟ ಇರೋದು ಬೇರೆ ಕಡೆ. ಇಲ್ಲಿ ರೂಮು ಕೇಳೋಕೆ ಹೋದರೆ ಯಾವ ಜಾತಿ, ನಾನ್‌ವೆಜ್ ತಿಂತೀರಾ, ರಾತ್ರಿ ಎಷ್ಟು ಗಂಟೆಗೆ ಬರ್ತೀರಾ ಅನ್ನೋ ಪ್ರಶ್ನೆ ಮೊದಲು ಬರುತ್ತೆ. ಸೆಲ್ಬೊದಲ್ಲೂ ಮನೆ ಕೊಡೋ ಮೊದಲು ಸಂದರ್ಶನ ಮಾಡ್ತಾರೆ, ಆದರೆ ಬೇರೆ ಬೇರೆ ಹಿನ್ನೆಲೆಯವರು ಒಟ್ಟಿಗೆ ಸೇರಲಿ ಅಂತ. ಇಲ್ಲಿನ ಪ್ರಶ್ನೆಗಳು ಜರಡಿ ಹಿಡಿಯೋಕೆ. ಆ ಜರಡಿಯಲ್ಲಿ ಉಳಿದವರಷ್ಟೇ ಒಳಗೆ ಬಂದರೆ, ಅಜ್ಜಿಗೆ ಸಿಗೋದು ಆಗಲೇ ಗೊತ್ತಿರೋ ಮಾತುಗಳೇ.