ಇಂದಿನ ಧಮ್ಮ ಚಿಂತನೆ: ಜಾರಿದ್ದು ಯಾರು?




ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಡಿಸೆಂಬರ್ ಚಳಿಯಲ್ಲೂ ಎರಡು ಮೂರು ದಿನ ಮೋಡ ಮುಚ್ಚಿಕೊಂಡು ಜಿಟಿಜಿಟಿ ಹಿಡಿಯುತ್ತದೆ. ಅಂಥ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕೋಟೆಗೆ ಹೊರಟೆ. ಶಾಲೆಯಲ್ಲಿ ಒನಕೆ ಓಬವ್ವನ ಪಾಠ ಆಗಿತ್ತು. ಅವಳಿಗೆ ಕಿಂಡಿ ನೋಡಲೇಬೇಕಿತ್ತು.

ಸಂತೆಹೊಂಡದ ಬಳಿಯಿಂದ ಹಳೇ ಊರಿನ ಓಣಿಗಳಲ್ಲಿ ನಡೆದೆವು. ಇದ್ದದ್ದು ಒಂದೇ ಕೊಡೆ. ಬೆಟ್ಟದ ಗಾಳಿಗೆ ಅದೂ ಮೇಲ್ಮುಖ ಮಡಚಿಕೊಂಡಿತು. ಕೋಟೆಯೊಳಗೆ ಸವೆದ ಕಲ್ಲಿನ ಮೆಟ್ಟಿಲು ಹತ್ತುವಾಗ ಮಗಳು ಜಾರಿ ಬಿದ್ದಳು. ಮೊಣಕಾಲು ತರಚಿತು. ನಾನು ಎತ್ತುವ ಮೊದಲೇ ಬೈದೆ: "ಕಣ್ಣು ಎಲ್ಲಿಟ್ಕೊಂಡಿದ್ದೆ? ಬ್ಯಾಡ ಅಂದ್ರೂ ಕೇಳಲ್ಲ!" ಸುತ್ತಲಿದ್ದವರು ತಿರುಗಿ ನೋಡಿದರು. ಅವಳು ಅಳಲಿಲ್ಲ. "ಅಪ್ಪಾಜಿ, ಬಿದ್ದಿದ್ದು ನಾನು. ನಿಂಗ್ಯಾಕೆ ಸಿಟ್ಟು?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಕಿಂಡಿ ನೋಡದೆಯೇ ಹಿಂದಿರುಗಿದೆವು.

ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ಮೊದಲನೆಯದು ದೇಹಕ್ಕೆ ಆಗುವ ನೋವು. ಅದು ಅರಹಂತನಿಗೂ ತಪ್ಪಿದ್ದಲ್ಲ. ಎರಡನೆಯದು ಆ ನೋವಿಗೆ ಮನಸ್ಸು ಸೇರಿಸುವ ಗೋಳು, ಸಿಟ್ಟು. ಇದನ್ನು ನಾವೇ ಚುಚ್ಚಿಕೊಳ್ಳುತ್ತೇವೆ. ಆ ದಿನ ಮಳೆ, ಕಲ್ಲು, ಮೊಣಕಾಲು, ಇವು ಮೊದಲ ಬಾಣ. ಎರಡನೆಯದನ್ನು ಬಿಟ್ಟವನು ನಾನು. ಅದೂ ನನಗೆ ಮಾತ್ರವಲ್ಲ, ಆಗಲೇ ನೋವಿನಲ್ಲಿದ್ದ ಮಗುವಿಗೆ.

ಸಿಟ್ಟು ಎಲ್ಲಿಂದ ಬಂತು? ಆಮೇಲೆ ಕೂತು ನೋಡಿದೆ. ಮೊದಲು ಇದ್ದದ್ದು ಭಯ. ಅದರ ಹಿಂದೆ, ಜನ ಏನಂದುಕೊಂಡಾರೋ ಎಂಬ ನಾಚಿಕೆ. ಅದರ ಹಿಂದೆ, ಹಿಂದಿನ ದಿನ ಕೆಲಸದ ಜಾಗದಲ್ಲಿ ಮೇಲಿನವರಿಂದ ಕೇಳಿಸಿಕೊಂಡ ಮಾತು. ಅವರಿಗೆ ಎದುರು ಹೇಳಲಾಗದ್ದು ಇವಳ ಮೇಲೆ ಸುರಿಯಿತು.

ಕೋಟೆಯಲ್ಲಿ ನೀರಿನ ದಾರಿ ನೋಡಿದ್ದೀರಲ್ಲ? ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಸಿಟ್ಟಿಗೂ ಅದೇ ದಾರಿ. ಬಲವಿದ್ದವರಿಂದ ಬಲವಿಲ್ಲದವರ ಕಡೆಗೆ ಹರಿಯುತ್ತದೆ, ಕೊನೆಗೆ ಮನೆಯ ಮಗುವಿನ ಬಳಿ ನಿಲ್ಲುತ್ತದೆ. ಒಂದೇ ವ್ಯತ್ಯಾಸ: ನೀರು ಇಳಿದಲ್ಲೆಲ್ಲ ಊರು ಬದುಕಿತು. ಸಿಟ್ಟು ಇಳಿದಲ್ಲಿ ಮನೆ ಒಣಗುತ್ತದೆ.

ಇದಕ್ಕೆ ತಡೆ ಎಲ್ಲಿ? ಪಟಿಚ್ಚ ಸಮುಪ್ಪಾದದಲ್ಲಿ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ ಎಂದು ಓದಿದ್ದೇವೆ. ವೇದನೆ ಹುಟ್ಟುವುದನ್ನು ನಿಲ್ಲಿಸಲಾಗದು. ಅದು ಹುಟ್ಟಿದ ಮೇಲೆ, ಬಾಯಿ ತೆರೆಯುವ ಮೊದಲು ಒಂದು ಉಸಿರಿನಷ್ಟು ಜಾಗವಿದೆ. ಎಚ್ಚರ ಕಾವಲು ನಿಲ್ಲಬೇಕಾದ ಬಾಗಿಲು ಅದೇ. ಏಳು ಸುತ್ತಿನ ಕೋಟೆಗೂ ಒಂದು ಸಣ್ಣ ಕಿಂಡಿಯಲ್ಲೇ ಅಪಾಯ ಬಂದದ್ದು, ಕಾವಲು ಬೇಕಾದದ್ದೂ ಅಲ್ಲೇ.

ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಅದರ ಮಾತನ್ನು ನಾವು ಮಕ್ಕಳಿಗೆ ಪದೇ ಪದೇ ಹೇಳುತ್ತೇವೆ. ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂದೂ ಅದರಲ್ಲಿದೆ. ಮಗಳೂ ಬಂಧುವೇ. ಆ ಸಾಲು ನನಗೆ ಬರೆದದ್ದು ಎಂದು ಇಷ್ಟು ವರ್ಷ ಅನ್ನಿಸಿರಲಿಲ್ಲ.

ರಾತ್ರಿ ಗಾಯಕ್ಕೆ ಅರಿಸಿನ ಹಚ್ಚುತ್ತಾ "ತಪ್ಪಾಯ್ತು ಕಣಮ್ಮ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ನಿಂತ ಮೇಲೆ ಕಿಂಡಿ ತೋರಿಸ್ತೀಯಾ?" ಎಂದಳು.

*ಇಂದಿನ ಅಭ್ಯಾಸ:* ಇವತ್ತು ಮನೆಯಲ್ಲಿ ಯಾರಾದರೂ ಏನಾದರೂ ಬೀಳಿಸಿದರೆ, ಒಡೆದರೆ, ಜಾರಿದರೆ, ಮೊದಲು ಒಂದು ಉಸಿರು. ಆಮೇಲೆ ಕೈ ಕೊಟ್ಟು ಎತ್ತಿ. ಮಾತು ಆಮೇಲಾಗಲಿ. ಮೇಲಿನಿಂದ ಇಳಿದು ಬಂದ ಸಿಟ್ಟು ನಿಮ್ಮಲ್ಲೇ ಇಂಗಿಹೋಗಲಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏