ಎಂಆರ್‌ಐ ಆದ ಮೇಲೂ ಸಿಟಿ ಸ್ಕ್ಯಾನ್ ಏಕೆ?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳ ಜೊತೆಗಿನ ಸ್ಕ್ಯಾನ್ ವರದಿಗಳನ್ನು ರೇಡಿಯಾಲಜಿಸ್ಟ್ ಆಗಿ ನಾನು ನೋಡಿಕೊಡುತ್ತೇನೆ. “ಎಂಆರ್‌ಐಗೆ ಹಣ ಕೊಟ್ಟಾಯಿತಲ್ಲ, ಮತ್ತೆ ಸಿಟಿ ಏಕೆ ಡಾಕ್ಟರೇ?” ಎಂದು ಹಲವರು ಕೇಳಿದ್ದೀರಿ. ಬೆನ್ನುಮೂಳೆಯ ಒಂದು ಅಪರೂಪದ ಗಡ್ಡೆಯನ್ನೇ ಉದಾಹರಣೆಯಾಗಿಟ್ಟು ಉತ್ತರಿಸುತ್ತೇನೆ.

ಅದರ ಹೆಸರು ಆಸ್ಟಿಯಾಯ್ಡ್ ಆಸ್ಟಿಯೋಮಾ. 1935ರಲ್ಲಿ ಹೆನ್ರಿ ಜಾಫೆ ಎಂಬ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ, ಬೇರೆ ಅಂಗಗಳಿಗೆ ಹರಡುವುದಿಲ್ಲ. ಹೆಚ್ಚಾಗಿ ಕಾಣುವುದು ಮಕ್ಕಳಲ್ಲಿ, ಹರೆಯದವರಲ್ಲಿ. ಗಡ್ಡೆಯ ತಿರುಳು ಸಾಮಾನ್ಯವಾಗಿ 1.5 ಸೆಂ.ಮೀ.ಗಿಂತ ಚಿಕ್ಕದು. ನೋವು ಮಾತ್ರ ದೊಡ್ಡದು. ರಾತ್ರಿ ಹೆಚ್ಚುತ್ತದೆ, ಐಬುಪ್ರೊಫೆನ್‌ನಂಥ ಮಾತ್ರೆಗೆ ಇಳಿಯುತ್ತದೆ. ಸ್ನಾಯುಗಳು ಬಿಗಿದು ಬೆನ್ನು ಒಂದು ಪಕ್ಕಕ್ಕೆ ವಾಲುವುದೂ ಉಂಟು.

ಯಾವ ಚಿತ್ರದಲ್ಲಿ ಏನು ಕಾಣುತ್ತದೆ?

ಎಕ್ಸ್‌ರೇ: ಈ ಗಡ್ಡೆ ಹೆಚ್ಚಾಗಿ ಹುಟ್ಟುವುದು ಬೆನ್ನುಮೂಳೆಯ ಮಣಿಗಳ ಹಿಂಭಾಗದ ಕಮಾನಿನಲ್ಲಿ. ಅಲ್ಲಿ ಮೂಳೆಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಕಣ್ತಪ್ಪಬಹುದು.

ಎಂಆರ್‌ಐ: ನರ, ಡಿಸ್ಕ್, ಮಜ್ಜೆ ನೋಡಲು ಉತ್ತಮ. ಆದರೆ ಇಲ್ಲಿ ಸುತ್ತಲಿನ ಊತವೇ ಎದ್ದು ಕಂಡು, ನಡುವಿನ ತಿರುಳು ಮರೆಯಾಗಬಹುದು. ಆ ಊತ ಸೋಂಕಿನಂತೆ, ಕೆಲವೊಮ್ಮೆ ಕ್ಯಾನ್ಸರಿನಂತೆ ತೋರುತ್ತದೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿ ಅಪರೂಪವಲ್ಲ. ಹಾಗಾಗಿ ಟಿಬಿ ಇಲ್ಲದ ಮಗುವೂ ತಿಂಗಳುಗಟ್ಟಲೆ ಆ ಔಷಧಿ ನುಂಗುವ ಅಪಾಯವಿದೆ.

ಬೋನ್ ಸ್ಕ್ಯಾನ್: ಟೆಕ್ನೀಷಿಯಂ ಇಂಜೆಕ್ಷನ್ ಕೊಟ್ಟು ತೆಗೆಯುವ ಈ ಚಿತ್ರದಲ್ಲಿ ಗಡ್ಡೆಯ ಜಾಗ ಗಾಢ ಚುಕ್ಕೆಯಾಗಿ ಕಾಣುತ್ತದೆ. ಎಲ್ಲಿದೆ ಎಂದು ತಿಳಿಯುತ್ತದೆ, ಏನದು ಎಂದು ಖಚಿತವಾಗುವುದಿಲ್ಲ.

ಸಿಟಿ: ಆ ಜಾಗವನ್ನಷ್ಟೇ ತೆಳು ಪದರಗಳಲ್ಲಿ ನೋಡಿದಾಗ ಗಟ್ಟಿ ಮೂಳೆಯ ನಡುವೆ ದುಂಡನೆಯ ಕಪ್ಪು ಗುಳಿ, ಕೆಲವೊಮ್ಮೆ ಅದರೊಳಗೊಂದು ಬಿಳಿ ಚುಕ್ಕೆ ಕಾಣುತ್ತದೆ. ಇದೇ ಅದರ ಗುರುತು. ಗಾತ್ರ 2 ಸೆಂ.ಮೀ. ಮೀರಿದ್ದರೆ ಆಸ್ಟಿಯೋಬ್ಲಾಸ್ಟೋಮಾ ಇರಬಹುದೆಂದು ಶಂಕಿಸುತ್ತೇವೆ. ಅದೂ ಕ್ಯಾನ್ಸರ್ ಅಲ್ಲ, ಆದರೆ ಬೆಳೆದು ನರವನ್ನು ಒತ್ತಬಲ್ಲದು.

ಗುರುತು ಸಿಕ್ಕರೆ ಚಿಕಿತ್ಸೆಯ ದಾರಿ ತೆರೆಯುತ್ತದೆ. ಕೆಲವರಿಗೆ ಮಾತ್ರೆ ಸಾಕು. ಉಳಿದವರಲ್ಲಿ ನರ ಸುರಕ್ಷಿತ ದೂರದಲ್ಲಿದ್ದರೆ, ಸಿಟಿಯಲ್ಲಿ ನೋಡುತ್ತಲೇ ಸೂಜಿ ತೂರಿಸಿ ಗಡ್ಡೆಯನ್ನು ಶಾಖದಿಂದ ಸುಡಬಹುದು. ಇಲ್ಲವಾದರೆ ಆಪರೇಷನ್. ಬೇಗ ತೆಗೆದರೆ ವಾಲಿದ ಬೆನ್ನು ನೇರವಾಗುವ ಸಾಧ್ಯತೆ ಹೆಚ್ಚು. ತುಂಬಾ ತಡವಾದರೆ ಡೊಂಕು ಉಳಿದುಬಿಡಬಹುದು.

ಎಲ್ಲ ಬೆನ್ನುನೋವಿಗೂ ಸ್ಕ್ಯಾನ್ ಬೇಕಿಲ್ಲ. ಮಕ್ಕಳಿಗೆ ಸಿಟಿಯ ವಿಕಿರಣವನ್ನೂ ಯೋಚಿಸಿಯೇ ಕೊಡಬೇಕು. ಆದರೆ ಮಗು ವಾರಗಟ್ಟಲೆ ರಾತ್ರಿ ಬೆನ್ನುನೋವಿನಿಂದ ಎಚ್ಚರಗೊಳ್ಳುತ್ತಿದ್ದರೆ ತಜ್ಞರಿಗೆ ತೋರಿಸಿ. ಖರ್ಚಿನ ಚಿಂತೆಯಿದ್ದರೆ ವರದಿಗಳೊಂದಿಗೆ ಸಂಘದ ಕಚೇರಿಗೆ ಬನ್ನಿ. ದಾನಿಗಳೇ, ಅರ್ಜಿಯಲ್ಲಿ ಎರಡನೆಯ ಸ್ಕ್ಯಾನಿನ ಬಿಲ್ ಕಂಡರೆ ದುಂದೆಂದು ತಿಳಿಯಬೇಡಿ. ಎಷ್ಟೋ ಸಲ ರೋಗ ಯಾವುದೆಂದು ಹೇಳುವುದೇ ಅದು. ನಿಮ್ಮ ದೇಣಿಗೆ ಹೀಗೆಯೇ ಮುಂದುವರಿಯಲಿ ಎಂದು ವಿನಂತಿಸುತ್ತೇನೆ.