ಮಾಡಿದವರು ಯಾರು, ಉಂಡವರು ಯಾರು?

ಪ್ರಶ್ನೆ: 2003ರಲ್ಲಿ ಇರಾಕ್ ಮೇಲೆ ದಂಡೆತ್ತಿ ಹೋದದ್ದು ಅಮೆರಿಕ. ಮನೆಮಠ ಬಿಟ್ಟು ಓಡಿದವರಿಗೆ ನೆಲೆ ಕೊಟ್ಟದ್ದು ಬೇರೆಯವರು. ಯುದ್ಧ ಹೂಡಿದವರೇ ನಿರಾಶ್ರಿತರನ್ನು ನೋಡಿಕೊಳ್ಳಬೇಕು ಎಂಬ ನಿಯಮ ಯಾಕಿಲ್ಲ?

ಉತ್ತರ: ಸರಿಸುಮಾರು ಇದೇ ಮಾತನ್ನು ಅಮೆರಿಕದ ಸಂಸದರ ಎದುರಿಗೇ ಕೂತು ಆಡಿದವರೊಬ್ಬರಿದ್ದಾರೆ. ಸ್ವೀಡನ್ನಿನ ಸೋಡರ್‌ಟೆಲ್ಯೆ ಎಂಬ ಊರಿನ ಆಗಿನ ಮೇಯರ್ ಆಂಡರ್ಸ್ ಲಾಗೊ. ಅಮೆರಿಕ ಮತ್ತು ಕೆನಡಾ ಎರಡೂ ಸೇರಿ ಕರೆದುಕೊಂಡದ್ದಕ್ಕಿಂತ ಹೆಚ್ಚು ಇರಾಕಿಗಳು ಸುಮಾರು 80 ಸಾವಿರ ಜನರ ತಮ್ಮೂರಿಗೆ ಬಂದಿದ್ದಾರೆ ಎಂದು ಅವರು 2008ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಹೇಳಿದರು. ಸ್ವೀಡನ್ ಆ ದಾಳಿಗೆ ಸೈನಿಕರನ್ನು ಕಳಿಸಿರಲಿಲ್ಲ.

ಅಷ್ಟು ಜನ ಆ ಊರಿಗೇ ಯಾಕೆ ಹೋದರು? 1960ರ ದಶಕದ ಕೊನೆಯಿಂದಲೇ ಪಶ್ಚಿಮ ಏಷ್ಯಾದ ಅಸ್ಸೀರಿಯನ್ ಕ್ರೈಸ್ತರು ಅಲ್ಲಿ ನೆಲೆಸಿದ್ದರು. ಅವರ ಚರ್ಚುಗಳಿದ್ದವು, ಅವರದೇ ಫುಟ್‌ಬಾಲ್ ಕ್ಲಬ್ಬೂ ಇತ್ತು. ಓಡುವ ಮನುಷ್ಯ ತಪ್ಪಿತಸ್ಥನ ವಿಳಾಸ ಹುಡುಕುವುದಿಲ್ಲ, ಚಿಕ್ಕಪ್ಪನ ಮನೆ ಹುಡುಕುತ್ತಾನೆ. ಅದೂ ಇಲ್ಲದವನು ಹತ್ತಿರದ ಗಡಿ ದಾಟುತ್ತಾನೆ. ಇರಾಕಿಗಳಲ್ಲಿ ಹೆಚ್ಚಿನವರು ಮಾಡಿದ್ದು ಅದನ್ನೇ. ಸಿರಿಯಾ ಒಂದೇ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ತನ್ನಲ್ಲಿದ್ದಾರೆಂದು ಹೇಳುತ್ತಿತ್ತು. 2007ರ ಅಕ್ಟೋಬರಿನಲ್ಲಿ ವೀಸಾ ಕಡ್ಡಾಯ ಮಾಡುವವರೆಗೆ ಅದರ ಬಾಗಿಲು ಹೆಚ್ಚುಕಡಿಮೆ ತೆರೆದೇ ಇತ್ತು. ಆ ವರ್ಷ ಅಮೆರಿಕ ಕರೆದುಕೊಂಡ ಇರಾಕಿ ನಿರಾಶ್ರಿತರು 1,608. ಟೀಕೆ ಜೋರಾದ ಮೇಲೆ, 2008ರಲ್ಲಿ, ಆ ಸಂಖ್ಯೆ 13 ಸಾವಿರ ದಾಟಿತು ಅನ್ನುವುದನ್ನೂ ಹೇಳಬೇಕು.

ಇನ್ನು ನಿಯಮದ ಮಾತು. 1951ರ ನಿರಾಶ್ರಿತರ ಒಪ್ಪಂದ ಕೇಳುವುದು ಒಂದೇ: ಬಂದವನಿಗೆ ತನ್ನೂರಲ್ಲಿ ಕಿರುಕುಳದ ಭಯ ಇದೆಯೇ? ಆ ಭಯ ಹುಟ್ಟಿಸಿದ್ದು ಯಾರು, ಬೆಂಕಿ ಹಚ್ಚಿದ ಕೈ ಯಾವುದು ಎಂಬ ವಿಚಾರಣೆ ಅದರಲ್ಲಿಲ್ಲ. ಇದು ಕೊರತೆಯಂತೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಆಶ್ರಯ ಕಾಯಬೇಕಾದರೆ ಗಡಿಯಲ್ಲಿ ನಿಂತವರು ಅಲ್ಲೇ ಮುದುಕರಾಗುತ್ತಾರೆ. ನಮ್ಮ ಬೈಲುಕುಪ್ಪೆಯನ್ನೇ ನೋಡಿ: ಟಿಬೆಟನ್ನರನ್ನು ಊರು ಬಿಡಿಸಿದ್ದು ಚೀನಾ, 1960ರ ಆಸುಪಾಸಿನಲ್ಲಿ ಜಮೀನು ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. 1951ರ ಆ ಒಪ್ಪಂದಕ್ಕೆ ಭಾರತ ಇವತ್ತಿಗೂ ಸಹಿ ಹಾಕಿಲ್ಲ.

ಹಾಗಂತ ಅಮೆರಿಕ ಕೈ ತೊಳೆದುಕೊಳ್ಳಲು ನಾನು ನೀರು ಹೊಯ್ಯುತ್ತಿಲ್ಲ. ಯುದ್ಧಕ್ಕೆ ಮೊದಲೇ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪಾವೆಲ್ ಅಧ್ಯಕ್ಷ ಬುಷ್ ಅವರನ್ನು ಎಚ್ಚರಿಸಿದ್ದರು: ಆ ದೇಶ ಮುರಿದರೆ ಅದರ ಜನ, ಅವರ ಕಷ್ಟ ಎಲ್ಲ ನಿಮ್ಮ ತಲೆಗೇ. ಒಡೆದವರೇ ಬೆಲೆ ತೆರಬೇಕೆಂಬ ಈ ಮಾತು ‘ಪಾಟರಿ ಬಾರ್ನ್ ನಿಯಮ’ವೆಂದು ಹೆಸರಾಯಿತು. (ಆ ಹೆಸರಿನ ಗೃಹೋಪಯೋಗಿ ವಸ್ತುಗಳ ಅಂಗಡಿಯವರು ನಮ್ಮಲ್ಲಿ ಅಂಥ ನಿಯಮವೇ ಇಲ್ಲ ಅಂದರು. ಯುದ್ಧದ ನೀತಿಶಾಸ್ತ್ರಕ್ಕೆ ಇಲ್ಲದ ನಿಯಮವೊಂದು ಹೆಸರು ಕೊಟ್ಟಿತು.)

ಒಡೆದವರೇ ಬೆಲೆ ತೆರಬೇಕೆಂಬ ಮಾತಿಗೆ ಎದುರುವಾದವೂ ಉಂಟು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ಬೋಲ್ಟನ್ 2007ರಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟರು: ನಾವು ಸದ್ದಾಮನನ್ನು ಕೆಳಗಿಳಿಸಿದೆವು, ಆಮೇಲೆ ಇರಾಕಿಗಳು ತಮ್ಮತಮ್ಮಲ್ಲೇ ಬಡಿದಾಡಿಕೊಂಡರೆ ಅದು ನಮ್ಮ ಲೆಕ್ಕಕ್ಕಲ್ಲ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಜನ ಗುಂಪುಗುಂಪಾಗಿ ಓಡಿದ್ದು 2003ರಲ್ಲಲ್ಲ, 2006ರ ಫೆಬ್ರುವರಿಯಲ್ಲಿ ಸಮಾರಾದಲ್ಲಿ ಶಿಯಾಗಳ ಪವಿತ್ರ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟ ಸ್ಫೋಟಗೊಂಡ ಮೇಲೆ. ಸುನ್ನಿಗಳೂ ಶಿಯಾಗಳೂ ಒಬ್ಬರ ಕೇರಿಯನ್ನು ಇನ್ನೊಬ್ಬರು ಖಾಲಿ ಮಾಡಿಸಿದರು. ಆದರೆ ಅಷ್ಟರೊಳಗೆ ಏನೇನಾಗಿತ್ತು? 2003ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿಯ 1483ನೇ ನಿರ್ಣಯ ಅಮೆರಿಕ, ಬ್ರಿಟನ್‌ಗಳನ್ನು ಇರಾಕನ್ನು ವಶದಲ್ಲಿಟ್ಟುಕೊಂಡ ಆಡಳಿತಗಾರರೆಂದು ಹೆಸರಿಸಿತು. ಅಂದರೆ ಬೀದಿಯ ಶಾಂತಿ ಕಾಯುವುದು ಕಾನೂನಿನ ಪ್ರಕಾರವೇ ಅವರ ಕೆಲಸ. ಅದರ ಮಾರನೆಯ ದಿನವೇ ಬಾಗ್ದಾದಿನ ಅಮೆರಿಕನ್ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಇರಾಕಿ ಸೈನ್ಯವನ್ನೇ ವಿಸರ್ಜಿಸಿದರು. ಲಕ್ಷಾಂತರ ಮಂದಿ ಸಂಬಳವಿಲ್ಲದೆ, ಬಂದೂಕು ಹಿಡಿಯಬಲ್ಲ ಕೈಗಳೊಂದಿಗೆ ಮನೆಗೆ ಹೋದರು. ಕಾವಲುಗಾರರನ್ನು ಕಳಿಸಿಬಿಟ್ಟು ಆಮೇಲೆ ಕಳ್ಳತನ ನಮ್ಮ ತಪ್ಪಲ್ಲ ಅಂದರೆ ನಂಬುವವರು ಯಾರು?

2008ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ತನಗಾಗಿ ಕನಿಷ್ಠ ಒಂದು ವರ್ಷ ದುಡಿದ ಇರಾಕಿಗಳಿಗೆ ವರ್ಷಕ್ಕೆ 5,000 ವಿಶೇಷ ವೀಸಾ ತೆಗೆದಿಟ್ಟಿತು. ಭಾಷಾಂತರಕಾರರ ಜೀವ ನಿಜಕ್ಕೂ ಅಪಾಯದಲ್ಲಿತ್ತು, ಆ ಕಾನೂನು ಬೇಕಿತ್ತು. ಆದರೆ ಅದು ಕೆಲಸ ಮಾಡಿದವರ ಋಣ ತೀರಿಸುವುದು. ಅಮೆರಿಕನ್ನರ ಮುಖವನ್ನೇ ನೋಡದೆ ಬೀದಿ ಕಳೆದುಕೊಂಡ ತರಕಾರಿ ಮಾರುವವನ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ.

ಅಮೆರಿಕದ ಜೊತೆ ಯುದ್ಧದಲ್ಲಿ ಪಾಲ್ಗೊಂಡ ಪೋಲೆಂಡನ್ನು ಯಾರೂ ಇಷ್ಟು ಪ್ರಶ್ನಿಸುವುದಿಲ್ಲ. 2003ರಲ್ಲಿ ಅದರ ವಿಶೇಷ ಪಡೆ ಇರಾಕಿಗೆ ನುಗ್ಗಿತ್ತು, ಆಮೇಲೆ ಬಹುರಾಷ್ಟ್ರೀಯ ದಳವೊಂದರ ನೇತೃತ್ವವನ್ನೂ ವಹಿಸಿತ್ತು. 2015ರಲ್ಲಿ ಯುರೋಪು ನಿರಾಶ್ರಿತರನ್ನು ಹಂಚಿಕೊಳ್ಳಲು ಹೊರಟಾಗ, ಸರ್ಕಾರ ಬದಲಾದ ಮೇಲೆ, ಅದೇ ಪೋಲೆಂಡ್ ತನ್ನ ಪಾಲನ್ನು ಒಲ್ಲೆನೆಂದಿತು. 2020ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದು ತಪ್ಪೆಂದು ಹೇಳಿತು. ಕಾರಣ ಮಾತ್ರ ಒಕ್ಕೂಟದ ನಿಯಮ ಮುರಿದದ್ದು. ಇರಾಕಿನ ಹಳೇ ಲೆಕ್ಕ ಆ ತೀರ್ಪಿನಲ್ಲಿ ಇಲ್ಲ.

‘ಮಾಡಿದ್ದುಣ್ಣೋ ಮಹರಾಯ’ ಎಂಬ ನಮ್ಮ ಗಾದೆಯನ್ನು ಹಣದ ವಿಷಯದಲ್ಲಿ ಅನ್ವಯಿಸಬಹುದು: ಶಿಬಿರಗಳ ಖರ್ಚು, ಊರು ಕಟ್ಟುವ ವೆಚ್ಚ, ನೆರೆಯ ದೇಶಗಳಿಗೆ ನೆರವು, ಇವನ್ನು ಯುದ್ಧ ಹೂಡಿದವರಿಂದಲೇ ವಸೂಲು ಮಾಡಿ ಎಂದು ಜಗಳವಾಡಲೇಬೇಕು. ಬಾಗಿಲ ವಿಷಯಕ್ಕೆ ಮಾತ್ರ ಅದನ್ನು ತರಬೇಡಿ. ತಂದರೆ ಸೋಡರ್‌ಟೆಲ್ಯೆಗೂ ಸಿರಿಯಾಗೂ ಬಾಗಿಲು ಹಾಕಿಕೊಳ್ಳುವ ಹಕ್ಕು ಕೊಟ್ಟಂತಾಗುತ್ತದೆ.

ಅಂದಹಾಗೆ, 2011ರಲ್ಲಿ ಸಿರಿಯಾವೇ ಹೊತ್ತಿ ಉರಿಯತೊಡಗಿತು. ಮರುವರ್ಷ ಇರಾಕಿನ ದುಹೋಕ್ ಬಳಿ ದೋಮಿಜ್ ಎಂಬಲ್ಲಿ ಶಿಬಿರವೊಂದು ತೆರೆಯಿತು, ಗಡಿ ದಾಟಿ ಬಂದ ಸಿರಿಯನ್ನರಿಗಾಗಿ.